ಹಂಚಿನ ಮಾಡಿಗೆ ಹುಲ್ಲು ಹೊದಿಸಿದವರು

ನನ್ನ ಮೊಮ್ಮಗಳು ಗಿರಿಜೆ ಇವತ್ತು ಶಾಲೆಗೆ ಹೋಗಿ ಬಂದಳು. ಒಬ್ಬಳೇ ಹೋದಳು, ಒಬ್ಬಳೇ ಬಂದಳು. ಅದೂ ಜೂನ್ ತಿಂಗಳಲ್ಲಿ, ತೋಡು ಕೆಂಪಗೆ ತುಂಬಿ ಹರಿಯುತ್ತಿರುವಾಗ.

ಇಷ್ಟು ಹೇಳಿ ಸುಮ್ಮನಾದರೂ ನನಗೆ ಸಾಕು, ಸಂತೋಷದಲ್ಲಿ ಹೊಟ್ಟೆ ತುಂಬಿಹೋಗಿದೆ. ಆದರೆ ಪೇಟೆಯಲ್ಲಿ ಕೂತು ಓದುವ ನೀವು, ಮಗು ಶಾಲೆಗೆ ಹೋದದ್ದನ್ನು ಈ ಅಜ್ಜಿ ಇಷ್ಟು ದೊಡ್ಡದು ಮಾಡಿ ಹೇಳುವುದು ಏಕೆ ಎಂದುಕೊಳ್ಳಬಹುದು. ಅದಕ್ಕಾಗಿ ಸ್ವಲ್ಪ ಹಿಂದಿನದ್ದನ್ನೂ ಹೇಳಬೇಕಾಗುತ್ತದೆ. ನಾನು ಹೇಳುವಾಗ ಆಚೆ ಈಚೆ ಹೋಗುವವಳು. ಅಡ್ಡದಾರಿ ಹಿಡಿದಲ್ಲಿ ನೀವೂ ಜೊತೆಗೆ ಬನ್ನಿ, ತಿರುಗಿ ದಾರಿಗೆ ಬರುತ್ತೇನೆ. ಬರೆದದ್ದನ್ನು ಸೊಸೆ ತಿದ್ದಿ ಕೊಡುತ್ತೇನೆಂದಿದ್ದಾಳೆ.

ಬೆಳಿಗ್ಗೆ ಗಿರಿಜೆ ಅಂಗಳ ಇಳಿದು ಹೋದ ಮೇಲೆ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಜಗಲಿಯಲ್ಲಿ ನಿಂತೆ, ಕೂತೆ, ಪುನಃ ನಿಂತೆ. ನಮ್ಮ ಜಗಲಿಯ ಮೂಲೆಯಲ್ಲಿ ಒಂದು ತಂತಿ ನೇತಾಡುತ್ತದೆ. ಮನೆಗೆ ಬಂದ ಕಾಗದವನ್ನೆಲ್ಲ ನಮ್ಮ ಮನೆಯವರು ಅದಕ್ಕೆ ಚುಚ್ಚಿ ಇಡುವುದು. ಎಲ್ಲಕ್ಕಿಂತ ಮೇಲೆ ಇದ್ದದ್ದು ಪಂಚಾಯತಿನ ಮನೆ ತೆರಿಗೆಯ ರಶೀದಿ. ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುತ್ತಿತ್ತು. ನೋಡುತ್ತಾ ನಿಂತವಳಿಗೆ ನಗು ಬಂತು. ಇದೇ ಕಾಗದ ನಮ್ಮ ಮನೆಗೆ ಬಾರದ ಹಾಗೆ ನಾವು ಗಂಡಹೆಂಡತಿ ಮಾಡಿದ ಕೆಲಸ ಒಂದೆರಡಲ್ಲ.

ಮೊದಲು ನನ್ನ ವಿದ್ಯೆಯ ಸಂಗತಿ ಹೇಳಿಬಿಡುತ್ತೇನೆ. ಎಷ್ಟನೇ ಕ್ಲಾಸು ಎಂದು ಯಾರಾದರೂ ಕೇಳಿದರೆ ಎರಡೂವರೆ ಬೇಸಗೆ ಎನ್ನುತ್ತೇನೆ, ಏಕೆಂದರೆ ಕ್ಲಾಸಿನ ಲೆಕ್ಕ ನನಗೆ ಹೊಂದುವುದಿಲ್ಲ. ನನ್ನ ಅಪ್ಪನ ಮನೆ ಇಚಿಲಂಪಾಡಿಯ ಕಡೆ, ಇದೇ ತೋಡಿನ ಮೇಲಿನ ಬದಿಯಲ್ಲಿ. ತೋಡು ಎಂದರೆ ಹೊಳೆಯಷ್ಟು ದೊಡ್ಡದಲ್ಲ, ಬೇಸಗೆಯಲ್ಲಿ ಮಂಡಿಯವರೆಗೂ ನೀರಿಲ್ಲ. ಮಳೆಗಾಲದಲ್ಲಿ ಮಾತ್ರ ಆನೆ ಇಳಿದರೂ ಯೋಚನೆ ಮಾಡಬೇಕು. ಶಾಲೆ ಆಚೆ ದಡದಲ್ಲಿ. ದಾಟಲು ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ, ಹಿಡಿದುಕೊಳ್ಳಲು ಒಂದು ಬಿದಿರು. ಮೇ ತಿಂಗಳ ಕೊನೆಗೆ ನಾಲ್ಕು ಹನಿ ಬಿದ್ದ ಕೂಡಲೇ ಊರಿನ ಗಂಡಸರು ಸೇರಿ ಆ ಮರಗಳನ್ನು ಎಳೆದು ದಡಕ್ಕೆ ಹಾಕುತ್ತಿದ್ದರು. ಬಿಟ್ಟರೆ ನೆರೆಯಲ್ಲಿ ಹೋಗಿಬಿಡುತ್ತದಲ್ಲ. ಅದಕ್ಕೆ ಸಂಕ ಎಳೆಯುವುದು ಎಂದೇ ಹೆಸರು. ದೊಡ್ಡವರಿಗೆ ಅದು ಅರ್ಧ ದಿನದ ಕೆಲಸ, ಕೊನೆಗೆ ಒಂದು ಲೋಟ ಬೆಲ್ಲದ ಕಾಪಿ. ನನಗೆ ಶಾಲೆಯ ಬಾಗಿಲು ಹಾಕಿದ ದಿನ.

ಮತ್ತೆ ಮರ ಹಾಕುವುದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ನಾನು ಕಲಿತದ್ದೆಲ್ಲ ಹಲಸಿನ ಬೀಜ ಸುಟ್ಟು ತಿನ್ನುವುದರಲ್ಲಿ ಮರೆತುಹೋಗಿರುತ್ತಿತ್ತು. ಮೇಷ್ಟ್ರು ಪಾಪ ಮೊದಲಿನಿಂದ ಶುರು ಮಾಡುವರು. ಹಾಗಾಗಿ ಅಆಇಈ ನನಗೆ ಮೂರು ಸಲ ಬಂದಿದೆ, ಗುಣಾಕಾರ ಒಂದು ಸಲವೂ ಬರಲಿಲ್ಲ. ಮೂರನೆಯ ಬೇಸಗೆಯ ನಡುವಿನಲ್ಲಿ ನನಗೊಬ್ಬಳು ತಂಗಿ ಹುಟ್ಟಿದಳು. ತೊಟ್ಟಿಲು ತೂಗಲು ಜನ ಬೇಕಾಯಿತು. ಹೇಗೂ ಅರ್ಧ ವರ್ಷ ಮನೆಯಲ್ಲೇ ಇರುತ್ತಾಳೆ, ಇನ್ನರ್ಧವೂ ಇರಲಿ ಎಂದರು ಅಪ್ಪ. ಅವರ ತಪ್ಪು ಎಂದು ನಾನು ಹೇಳುವುದಿಲ್ಲ. ಆಚೆ ದಡದ ಮಕ್ಕಳಿಗೂ ತಂಗಿಯರು ಹುಟ್ಟುತ್ತಿದ್ದರು, ಆದರೆ ಅವರ ಶಾಲೆಗೆ ಅಡ್ಡ ನೀರಿರಲಿಲ್ಲ. ಮದುವೆಯಾಗಿ ಬಂದದ್ದೂ ಇದೇ ತೋಡಿನ ಇದೇ ದಡಕ್ಕೆ, ಒಂದು ಮೈಲಿ ಕೆಳಗೆ. ದಡ ಬದಲಾಯಿಸುವ ಯೋಗ ನನಗೆ ಬರೆದಿರಲಿಲ್ಲ.

ಇನ್ನು ಹಂಚಿನ ಕಥೆ. ನಮ್ಮ ಮನೆಗೆ ಹಂಚು ಬಂದದ್ದು ನಾವು ಇನ್ನೂ ಮದ್ರಾಸು ಸರಕಾರದ ಕೆಳಗೆ ಇದ್ದಾಗ. ಅದಕ್ಕಿಂತ ಮೊದಲು ಹುಲ್ಲಿನ ಮಾಡು, ಪೇಟೆಯವರು ಚಾವಣಿ ಎನ್ನುವುದು. ಹುಲ್ಲಿನ ಮಾಡಿನ ಕಷ್ಟ ಕಂಡವರಿಗೇ ಗೊತ್ತು. ಪ್ರತಿ ವರ್ಷ ಗುಡ್ಡೆಯಿಂದ ಮುಳಿಹುಲ್ಲು ಕೊಯ್ದು ತರಬೇಕು, ಕಟ್ಟು ಕಟ್ಟಬೇಕು, ಹಳೆಯದನ್ನು ಕಿತ್ತು ಹೊಸತನ್ನು ಹೊದಿಸಬೇಕು. ಕಿತ್ತ ಹುಲ್ಲಿನಿಂದ ಚೇಳು, ಶತಪದಿ ಎಲ್ಲ ನಮ್ಮ ತಲೆಯ ಮೇಲೆಯೇ ಇಳಿಯುವುದು. ಆ ಕೆಲಸ ಒಮ್ಮೆ ತಪ್ಪಲಿ ಎಂದೇ ಪುತ್ತೂರಿನಿಂದ ಗಾಡಿಯಲ್ಲಿ ಹಂಚು ತರಿಸಿದ್ದು. ನಮ್ಮ ದಡದಲ್ಲಿ ಹಂಚು ಕಂಡ ಮೊದಲ ಮನೆ ನಮ್ಮದು. ನಾನು ವಾರಗಟ್ಟಲೆ ಅಂಗಳದಲ್ಲಿ ನಿಂತು ಮಾಡು ನೋಡಿದ್ದೇನೆ. ಕುತ್ತಿಗೆ ನೋವು ಬಂದು ಎಣ್ಣೆ ಹಚ್ಚಿಕೊಂಡದ್ದೂ ಉಂಟು.

ಎರಡು ವರ್ಷ ಆಗಿತ್ತೋ ಇಲ್ಲವೋ, ಊರಿಗೆ ಪಂಚಾಯತು ಬಂತು, ಅದರ ಹಿಂದೆ ಮನೆ ತೆರಿಗೆ ಬಂತು. ಭೂಮಿಯ ತೀರ್ವೆ ಪಟೇಲರಿಗೆ ಕಟ್ಟಿ ನಮಗೆ ಅಭ್ಯಾಸ ಇತ್ತು. ಅದು ಅಜ್ಜಂದಿರ ಕಾಲದ್ದು, ಅದರ ಮೇಲೆ ಸಿಟ್ಟು ಬರುವುದೂ ನಿಂತುಹೋಗಿತ್ತು. ಇದು ಹೊಸತು. ನಮ್ಮ ಮನೆಯವರು ಮೂರು ದಿನ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಜಗಿದರು.

"ನಾನು ಕಟ್ಟಿದ ಮನೆ, ನಾನು ಕೂರುದು. ಇದ್ರಲ್ಲಿ ಪಂಚಾಯತಿನವ್ರಿಗೆ ಎಂತ ಉಂಟು?"

"ಅದೇ ಅಲ್ವಾ," ಎಂದೆ ನಾನು. ಸುಳ್ಳು ಏಕೆ ಹೇಳಲಿ, ನನಗೂ ಹಾಗೇ ಕಂಡಿತ್ತು. ಅಧ್ಯಕ್ಷರ ಎಲೆಅಡಿಕೆಯ ಖರ್ಚಿಗೆ ಇದು ಎಂದು ನಾನು ನಾಲ್ಕು ಮನೆಯಲ್ಲಿ ಹೇಳಿದ್ದೂ ಉಂಟು.

ಹಂಚಿನ ಮನೆಗೆ ತೆರಿಗೆ, ಹುಲ್ಲಿನ ಮಾಡಿಗೂ ದನದ ಹಟ್ಟಿಗೂ ಇಲ್ಲ ಎಂದು ಊರಿನಲ್ಲಿ ಸುದ್ದಿಯಾಯಿತು. ಆಗ ಸುಳ್ಯದಿಂದ ನಮ್ಮ ಮನೆಯವರ ಭಾವ ಬಂದಿದ್ದರು. "ಹಾಗಾದ್ರೆ ಹಂಚಿನ ಮೇಲೆ ಹುಲ್ಲು ಹಾಕಿಬಿಡಿ ಭಾವ," ಎಂದು ಅವರು ತಮಾಷೆಗೆ ಅಂದದ್ದು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಯವರು ಕತ್ತಿ ಹಿಡಿದು ಗುಡ್ಡೆಗೆ ಹೊರಟಿದ್ದಾರೆ.

ನಾನು ತಡೆದೆನಾ? ಇಲ್ಲ. ಹಿಂದಿನಿಂದ ನಾನೂ ಹೋದೆ. ಮೂರು ದಿನ ಹುಲ್ಲು ಕೊಯ್ದೆವು. ಅದು ಮುಂದಿನ ಬದಿಗೇ ಮುಗಿಯಿತು. ಹಿಂದಿನ ಬದಿಗೆ ಮುಳಿಹುಲ್ಲು ಸಾಲದೆ, ದನಕ್ಕೆಂದು ಇಟ್ಟಿದ್ದ ಬೈಹುಲ್ಲನ್ನೇ ಹೊದಿಸಿದೆವು. ಹಂಚು ಹಾಕಿಸಿದ್ದು ಹುಲ್ಲಿನ ಕೆಲಸ ತಪ್ಪಲಿ ಎಂದು, ಈಗ ಹಂಚು ಅಡಗಿಸಲು ಹುಲ್ಲಿನ ಕೆಲಸ. ಇಬ್ಬರಲ್ಲಿ ಒಬ್ಬರಿಗೂ ನಗು ಬರಲಿಲ್ಲ. ಬಹಳ ದೊಡ್ಡ ಬುದ್ಧಿ ಮಾಡಿದ್ದೇವೆ ಎಂದುಕೊಂಡಿದ್ದೆವು.

ಬರೆಯಲು ಬಂದವರು ದೂಮಣ್ಣ. ಪಂಚಾಯತಿನ ಬಿಲ್ ಕಲೆಕ್ಟರು. ಉದ್ದ ಜನ, ಹೆಗಲಿಗೆ ಚೀಲ, ಕಂಕುಳಲ್ಲಿ ಕೊಡೆ, ಬಾಯಲ್ಲಿ ಮಾತು ಕಡಿಮೆ. ಜಗಲಿಯಲ್ಲಿ ಕೂತು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದರು. ಕುಡಿಯುವಾಗ ಚೊಂಬು ಎತ್ತಬೇಕಲ್ಲ. ಎತ್ತಿದವರು ಹಾಗೆಯೇ ಮೇಲೆ ನೋಡುತ್ತಾ ಉಳಿದರು. ನಾನೂ ಮೇಲೆ ನೋಡಿದೆ. ಹೊರಗಿನಿಂದ ಎಲ್ಲ ಮುಚ್ಚಿದ್ದೆವು. ಜಗಲಿಯಲ್ಲಿ ಕೂತವನಿಗೆ ಪಕ್ಕಾಸು ರೀಪಿನ ಮರ, ಅದರ ಮೇಲೆ ಸಾಲು ಸಾಲು ಹಂಚು ಕಾಣುತ್ತದೆ ಎಂಬುದು ಇಬ್ಬರ ತಲೆಗೂ ಹೋಗಿರಲಿಲ್ಲ.

ದೂಮಣ್ಣ ಚೊಂಬು ಕೆಳಗಿಟ್ಟು, "ಗೌಡ್ರೇ, ಮಾಡು ಎಂತದ್ದು ಬರೆಯುದು?" ಎಂದರು.

"ಹುಲ್ಲು," ಎಂದರು ನಮ್ಮವರು, ಅಂಗಳ ನೋಡುತ್ತಾ.

ಅಷ್ಟರಲ್ಲಿ ಅಡಿಗೆಮನೆಯ ಕಡೆಯಿಂದ ಫಟ್ ಎಂದು ಸದ್ದು. ನಾನು ಓಡಿದೆ. ನಮ್ಮ ಮನೆಯ ಹಿಂದೆ ಗುಡ್ಡ ಕಡಿದ ಬರೆ, ಅಲ್ಲಿಂದ ಮಾಡು ಕೈಗೆ ಎಟುಕುವಷ್ಟು ಹತ್ತಿರ. ನಮ್ಮ ದನ ಆ ಬರೆಯಲ್ಲಿ ನಿಂತು, ತನ್ನ ಬೈಹುಲ್ಲು ಎಲ್ಲಿ ಹೋಯಿತೆಂದು ಕಂಡುಹಿಡಿದು, ಮುಂದಿನ ಕಾಲು ಮಾಡಿನ ಮೇಲಿಟ್ಟು ಆರಾಮವಾಗಿ ಮೇಯುತ್ತಿದೆ. ಒಡೆದ ಹಂಚು ನನ್ನ ಒಲೆಯ ಬುಡದಲ್ಲಿ ಬಿದ್ದಿತ್ತು. ಹಿಂದಿನಿಂದ ಬಂದ ದೂಮಣ್ಣ ಒಂದು ತುಂಡು ಎತ್ತಿಕೊಂಡು, ತಿರುಗಿಸಿ ನೋಡಿ, ಧೂಳು ಒರೆಸಿ ನನ್ನ ಕೈಗೆ ಕೊಟ್ಟರು.

"ಒಳ್ಳೆ ಹುಲ್ಲು ಅಕ್ಕ," ಎಂದರು. "ಗಟ್ಟಿ ಉಂಟು."

ನೆಲ ಬಾಯಿಬಿಟ್ಟರೆ ಇಳಿಯುತ್ತಿದ್ದೆ. ನಮ್ಮವರು ಮಾತ್ರ ಕಂಬದ ಹಾಗೆ ನಿಂತೇ ಇದ್ದರು. ದೂಮಣ್ಣ ಬೈಯಲಿಲ್ಲ, ನಗಲೂ ಇಲ್ಲ. ಪುಸ್ತಕ ಬಿಡಿಸಿ, "ಮನೆಯವರ ಹೇಳಿಕೆ ಪ್ರಕಾರ ಹುಲ್ಲಿನ ಮಾಡು" ಎಂದು ಓದಿ ಹೇಳಿಕೊಂಡೇ ಬರೆದು, ಕೆಳಗೆ ಸಹಿ ಹಾಕಿಸಿಕೊಂಡರು. "ನಾನು ಬರೆಯುದು ನೀವು ಹೇಳಿದ್ದು ಗೌಡ್ರೇ. ಮೇಲಿನವರು ನೋಡುದು ನಾನು ಬರೆದದ್ದು. ಅಷ್ಟು ನೆನಪಿರ್ಲಿ," ಎಂದು ಕೊಡೆ ತೆಗೆದುಕೊಂಡು ಹೊರಟರು. ಅವರು ಅಷ್ಟು ಸುಲಭದಲ್ಲಿ ಬಿಟ್ಟದ್ದಕ್ಕೆ ನಮ್ಮವರಿಗೆ ಆ ದಿನವೆಲ್ಲ ಹೆಮ್ಮೆ.

ಬಾಯಿಂದ ಬಾಯಿಗೆ ಹೋಗಿ ನಮ್ಮ ದಡದ ಉಳಿದವರಿಗೂ ಬುದ್ಧಿ ಬಂತು. ನಮ್ಮವರ ಚಿಕ್ಕಪ್ಪನ ಮಗ ಒಬ್ಬರಿದ್ದಾರೆ, ಅವರ ಹೆಂಡತಿ ಲಕ್ಷ್ಮಕ್ಕ. ಆ ಗಂಡಸು ದೂಮಣ್ಣ ಬರುವ ದಿನ, ಹೆಂಡತಿ ಗದ್ದೆಯಲ್ಲಿದ್ದಾಗ, ಎರಡು ಕರುವನ್ನು ತಂದು ಜಗಲಿಯ ಕಂಬಕ್ಕೆ ಕಟ್ಟಿ, ಇದು ಹಟ್ಟಿ ಎಂದು ಸಹಿ ಹಾಕಿದರಂತೆ. ಇನ್ನೊಬ್ಬರದ್ದು ಕಟ್ಟಿಗೆ ಇಡುವ ಕೊಟ್ಟಿಗೆ. ಕೊನೆಗೆ ಪಂಚಾಯತಿನ ಪುಸ್ತಕದಲ್ಲಿ ನಮ್ಮ ದಡದಲ್ಲಿ ಮನೆ ಎಂದು ಉಳಿದದ್ದು ಎರಡೇ. ಉಳಿದ ನಾವೆಲ್ಲ ಹುಲ್ಲು, ಹಟ್ಟಿ, ಕೊಟ್ಟಿಗೆ.

ಆ ಎರಡು ಮನೆಯವರ ತೆರಿಗೆ ವಸೂಲಿಗೆ ಮಳೆಗಾಲದಲ್ಲಿ ದೂಮಣ್ಣ ಬರುತ್ತಿದ್ದದ್ದನ್ನು ನೀವು ನೋಡಬೇಕಿತ್ತು. ತೋಡು ದಾಟುವ ಹಾಗಿಲ್ಲ. ಆಚೆ ದಡದಲ್ಲಿ ನಿಂತು "ಓಯ್" ಎಂದು ಕೂಗುವರು. ಈಚೆಯವರು ದುಡ್ಡನ್ನು ಬಟ್ಟೆಯಲ್ಲಿ ಗಂಟು ಹಾಕಿ ಬೀಸಿ ಎಸೆಯುವರು. ದೂಮಣ್ಣ ಅಲ್ಲೇ ಕೊಡೆಯಡಿ ಕುಕ್ಕರುಗಾಲಿನಲ್ಲಿ ಕೂತು ರಶೀದಿ ಬರೆದು, ಬಾಳೆಎಲೆಯಲ್ಲಿ ಸುತ್ತಿ, ಕಲ್ಲಿಗೆ ಕಟ್ಟಿ ತಿರುಗಿ ಎಸೆಯುವರು. ಒಮ್ಮೆ ಗಂಟು ನೀರಿಗೆ ಬಿತ್ತು. ಎಸೆದದ್ದನ್ನು ತಾನು ನೋಡಿದ್ದೇನಲ್ಲ ಎಂದು ದೂಮಣ್ಣ ತನ್ನ ಕೈಯಿಂದಲೇ ದುಡ್ಡು ಹಾಕಿ ರಶೀದಿ ಎಸೆದರಂತೆ. ನಾನಾಗಿದ್ದರೆ ಇನ್ನೊಂದು ಗಂಟು ಎಸೆಯಿರಿ ಎನ್ನುತ್ತಿದ್ದೆ.

ನಾವಾದರೋ ವರ್ಷ ವರ್ಷ ಹುಲ್ಲು ಹೊದಿಸುತ್ತಾ ಹೋದೆವು. ಒಂದು ಸುಳ್ಳಿಗೆ ಎಷ್ಟು ಕೂಲಿ ಬೇಕು ಎಂದು ನಮ್ಮನ್ನು ಕೇಳಿ. ಮಳೆಗೆ ಹುಲ್ಲು ಕೊಳೆತು ಹಂಚಿನ ಸಂದಿಯಲ್ಲಿ ನೀರು ನಿಂತು, ಹಿಂದೆ ಹುಲ್ಲಿನ ಮಾಡು ಇದ್ದಾಗ ಸೋರಿದ್ದಕ್ಕಿಂತ ಹೆಚ್ಚು ಸೋರಿತು.

ಆ ವರ್ಷಗಳಲ್ಲಿ ತೆರಿಗೆಯ ದುಡ್ಡು ನಮ್ಮ ಕಣ್ಣೆದುರಿನಲ್ಲಿಯೇ ಓಡಾಡುತ್ತಿತ್ತು, ನಾವು ಗುರುತು ಹಿಡಿಯಲಿಲ್ಲ. ರಸ್ತೆಬದಿಯಲ್ಲಿ ಒಂದು ಬಾವಿ ಆಯಿತು, ಕಟ್ಟೆಯೂ ರಾಟೆಯೂ ಸೇರಿ. ಸೇದುವಾಗ ಯಾರೂ ಯಾರ ಜಾತಿ ಕೇಳುವ ಹಾಗಿಲ್ಲ ಎಂದು ದೂಮಣ್ಣನೇ ಮೊದಲ ದಿನ ಅಲ್ಲಿ ನಿಂತಿದ್ದರು. ಮೈಲಿಬೇನೆಗೆ ಚುಚ್ಚುವವನು ಬಂದ. ಹೆರಿಗೆಗೆ ದಾದಿ ಬಂದಳು. ನನ್ನ ಸೊಸೆಗೆ ಗಿರಿಜೆ ಹುಟ್ಟಿದ್ದು ಅವಳ ಕೈಯಲ್ಲೇ. ಬೇಸಗೆಯಾದ್ದರಿಂದ ಅವಳು ತೋಡು ದಾಟಿ ಬಂದಳು. ಮಳೆಗಾಲವಾಗಿದ್ದರೆ ಎಂಬುದನ್ನು ನಾನು ಈಗಲೂ ಪೂರ್ತಿ ಯೋಚಿಸುವುದಿಲ್ಲ. ಕೊಯಿಲದ ಸರಕಾರಿ ಫಾರ್ಮಿಗೆ ಹೋಗಿ ಬಂದರೆ ನಮ್ಮವರು ಅಲ್ಲಿಯ ಹೋರಿಯನ್ನು ವಾರ ಇಡೀ ಹೊಗಳುವರು. "ಸರಕಾರದ್ದು ಅಂದ್ರೆ ಹಾಗಿರ್ಬೇಕು," ಎನ್ನುವರು. ಆ ಹೋರಿ ತಿನ್ನುವ ಹುಲ್ಲಿಗೆ ದುಡ್ಡು ಯಾರು ಕೊಡುವುದು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಹುಲ್ಲು ಮಾಡಿನ ಮೇಲಿತ್ತು.

ಗಿರಿಜೆಗೆ ನಾಲ್ಕು ತುಂಬಿದ ವರ್ಷ, ದೀಪಾವಳಿ ಕಳೆದು ನೀರು ಇಳಿದ ಮೇಲೆ ಒಂದು ದಿನ ದೂಮಣ್ಣ ನಮ್ಮ ಜಗಲಿಗೆ ಬಂದರು. ಬೆಲ್ಲ ಬಾಯಿಗೆ ಹಾಕಲಿಲ್ಲ.

"ಗೌಡ್ರೇ, ತೋಡಿಗೆ ಕಲ್ಲಿನ ಸಂಕ ಆಗುದಿತ್ತು. ಊರಿನವರದ್ದು ಒಂದು ಪಾಲು, ಸರಕಾರದ್ದು ಒಂದು ಪಾಲು. ಅಧ್ಯಕ್ಷರು ಪುತ್ತೂರಿಗೆ ನಾಲ್ಕು ಸಲ ಹೋಗಿ ಬಂದ್ರು. ನಿನ್ನೆ ಬ್ಲಾಕಿನ ಓವರ್ಸೀಯರು ಬಂದು ನಮ್ಮ ಪುಸ್ತಕ ನೋಡಿದ್ರು."

"ನೋಡಿ?"

"ಈ ದಡದಲ್ಲಿ ತೆರಿಗೆಯ ಮನೆ ಎರಡು, ಉಳಿದದ್ದು ಹುಲ್ಲು, ಹಟ್ಟಿ, ಕೊಟ್ಟಿಗೆ ಎಂಟು. ಎರಡು ಮನೆಗೆ ಸಂಕ ಕೊಡ್ಲಿಕ್ಕೆ ಆಗುದಿಲ್ಲ, ದನ ಹೇಗೂ ಈಜ್ತದೆ ಅಂದ್ರು. ಬೇರೆ ಊರಿಗೆ ಬರೆಯುದಂತೆ. ಈ ತಿಂಗಳೊಳಗೆ ಪುಸ್ತಕ ಸರಿಯಾದ್ರೆ ಪುನಃ ಕೇಳಬಹುದು. ಇಲ್ಲದಿದ್ರೆ ಇಲ್ಲ."

ಗಿರಿಜೆ ಆಗ ಅಂಗಳದಲ್ಲಿ ಇದ್ದಿಲಿನಿಂದ ಗೋಡೆಗೆ ಗೀಚುತ್ತಿದ್ದಳು. ದನವೋ ನಾಯಿಯೋ ಗೊತ್ತಾಗುವ ಹಾಗಿರಲಿಲ್ಲ. ಇನ್ನು ಒಂದೂವರೆ ವರ್ಷಕ್ಕೆ ಶಾಲೆಗೆ ಸೇರಬೇಕಾದ ಮಗು. ಅವಳಿಗೂ ಬೇಸಗೆಯ ಲೆಕ್ಕದ ವಿದ್ಯೆ. ಅವಳೂ ಒಂದು ದಿನ ದಡದಲ್ಲಿ ನಿಂತು ಸಂಕ ಎಳೆಯುವುದನ್ನು ನೋಡಬೇಕು. ನನ್ನ ಶಾಲೆಗೆ ಅಡ್ಡ ಬಂದದ್ದು ನೀರು, ಅದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಅವಳ ಶಾಲೆಗೆ ಅಡ್ಡ ಬರುತ್ತಿರುವುದು ನಾನೇ ಕಟ್ಟಿ ಕೊಟ್ಟ ಹುಲ್ಲಿನ ಕಟ್ಟು.

ದೂಮಣ್ಣ ಹೋದ ಮೇಲೆ ನಮ್ಮವರು ಕತ್ತಿ ಮಸೆಯಲು ಕೂತರು. ಹುಲ್ಲು ಕೊಯ್ಯುವ ಕಾಲ ಅಲ್ಲವೇ.

"ಈ ವರ್ಷ ಹುಲ್ಲು ಬೇಡ," ಎಂದೆ.

"ಹುಲ್ಲು ಹಾಕದಿದ್ರೆ ಹಂಚು ಕಾಣ್ತದೆ."

"ಕಾಣ್ಲಿ. ಕಾಣ್ಲಿಕ್ಕೇ ಅಲ್ವಾ ಹಾಕಿದ್ದು."

"ಊರಿನವರ ಎದುರು ನನ್ನ ಮರ್ಯಾದೆ ಎಂತ ಆಗ್ತದೆ?"

"ದನ ಬಂದು ಮಾಡು ಮೇಯುವಾಗ ಇದ್ದ ಮರ್ಯಾದೆ ಈಗ ಎಲ್ಲಿಗೆ ಹೋಗ್ತದೆ ಮಾರಾಯ್ರೆ?"

ಅವರು ಮಸೆಯುವುದನ್ನು ನಿಲ್ಲಿಸಲಿಲ್ಲ. "ಸಹಿ ನನ್ನದು. ಈಗ ಹೋಗಿ ನಾನು ಸುಳ್ಳ ಅಂತ ಹೇಳುದಾ? ನೀನು ಹೋಗ್ತಿಯಾ?"

ಅದನ್ನು ಅವರು ಕೇಳಬಾರದಿತ್ತು. ಆ ಸಂಜೆಯೇ ಕಾಗದ ಪೆನ್ಸಿಲು ಹಿಡಿದು ಕೂತೆ. ಎರಡೂವರೆ ಬೇಸಗೆಯಲ್ಲಿ ಕಲಿತದ್ದನ್ನೆಲ್ಲ ಖರ್ಚು ಮಾಡಿ ಬರೆದೆ: "ನಮ್ಮದು ಹಂಚಿನ ಮನೆ. ಮೊದಲಿನಿಂದಲೂ ಹಂಚಿನದ್ದೇ. ತೆರಿಗೆ ಹಾಕಬೇಕಾಗಿ ಬೇಡುತ್ತೇನೆ." ನನ್ನ ಜೀವಮಾನದಲ್ಲಿ ನಾನು ಬರೆದ ಮೊದಲ ಅರ್ಜಿ ಅದು.

ಮಾರನೆಯ ಬೆಳಿಗ್ಗೆ ಹೊರಟವಳು ಮೊದಲು ಲಕ್ಷ್ಮಕ್ಕನ ಮನೆಗೆ ಹೋದೆ. ಅವಳು ದೋಸೆ ಹೊಯ್ಯುತ್ತಿದ್ದಳು. ಪಂಚಾಯತಿನ ಪುಸ್ತಕದಲ್ಲಿ ಅವಳ ಮನೆ ಎಂತದ್ದೆಂದು ಬರೆದಿದೆ ಎಂದು ಹೇಳಿದೆ. ಗಂಡ ಅವಳಿಗೆ ಹೇಳಿಯೇ ಇರಲಿಲ್ಲ. ಕಾವಲಿ ಇಳಿಸಿದಳು.

"ಹದಿನೆಂಟು ವರ್ಷ ಆಯ್ತು ನಾನು ಈ ಮನೆಗೆ ಬಂದು," ಎಂದಳು, ಒಳಗೆ ಕೂತ ಗಂಡನಿಗೆ ಕೇಳುವ ಹಾಗೆ. "ನನ್ನನ್ನು ಹಟ್ಟಿಗೆ ಮದುವೆ ಮಾಡಿ ತಂದದ್ದು ಅಂತ ನನಗೆ ಇವತ್ತು ಗೊತ್ತಾಯ್ತು ಅಕ್ಕ."

ಒಳಗಿನಿಂದ, "ಅದು ಪುಸ್ತಕದಲ್ಲಿ ಮಾತ್ರ ಮಾರಾಯ್ತಿ," ಎಂದು ಸಣ್ಣ ಸ್ವರ.

"ಹಾಗಾದ್ರೆ ಮಧ್ಯಾಹ್ನ ನಿಮಗೆ ಊಟವೂ ಪುಸ್ತಕದಲ್ಲಿ," ಎಂದು ಸೆರಗು ಸಿಕ್ಕಿಸಿ ನನ್ನ ಜೊತೆ ಹೊರಟಳು. ಕಟ್ಟಿಗೆಯ ಕೊಟ್ಟಿಗೆ ಎಂದು ಬರೆಸಿಕೊಂಡ ಮನೆಯ ಹೆಂಗಸೂ ದಾರಿಯಲ್ಲಿ ಸೇರಿದಳು.

ಪಂಚಾಯತು ಆಫೀಸಿನ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಂದು ಮೇಜು, ಎರಡು ಕುರ್ಚಿ, ಒಂದು ಲಾಟೀನು. ಅಧ್ಯಕ್ಷರ ಮೇಜಿನಲ್ಲಿ ಎಲೆಅಡಿಕೆಯ ತಟ್ಟೆ ಉಂಟೋ ಎಂದು ಮೊದಲು ಅದನ್ನೇ ನೋಡಿದೆ. ಇರಲಿಲ್ಲ, ಕಾಗದ ಹಾರದಂತೆ ಇಟ್ಟ ಒಂದು ಕಲ್ಲು ಇತ್ತು. ಅವರು ನನ್ನ ಅರ್ಜಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅಮ್ಮ, ತೆರಿಗೆ ತೆಗೀರಿ ಅಂತ ಬಂದವರನ್ನು ಬೇಕಷ್ಟು ಕಂಡಿದ್ದೇನೆ. ಹಾಕಿ ಅಂತ ಬಂದವರು ನೀವೇ ಮೊದಲು."

"ನಂಗೂ ಹಾಕಿ," ಎಂದಳು ಹಿಂದಿನಿಂದ ಲಕ್ಷ್ಮಕ್ಕ, "ಮನೆ ಅಂತ ದಪ್ಪಕ್ಕೆ ಬರೀರಿ."

"ಹಿಂದಿನ ವರ್ಷಗಳದ್ದೂ ಕಟ್ಟಬೇಕಾಗ್ತದೆ," ಎಂದು ಅಧ್ಯಕ್ಷರು ಮೆತ್ತಗೆ ಹೇಳಿದರು.

"ಕಟ್ಟುವ. ಆದ್ರೆ ಅದನ್ನು ನಮ್ಮ ಮನೆಯವರಿಗೆ ನೀವೇ ಹೇಳಿ," ಎಂದೆ. ಮೂಲೆಯಲ್ಲಿ ಕೂತಿದ್ದ ದೂಮಣ್ಣ ನಕ್ಕದ್ದನ್ನು ನಾನು ಕಂಡದ್ದು ಆ ದಿನ ಮಾತ್ರ.

ಮನೆಗೆ ಬಂದರೆ ಏಣಿ ಹಾಕಿತ್ತು. ನಮ್ಮವರು ಮಾಡಿನ ಮೇಲೆ ಕೂತು ಹಳೆಯ ಹುಲ್ಲನ್ನು ಎಳೆದು ಎಳೆದು ಅಂಗಳಕ್ಕೆ ಹಾಕುತ್ತಿದ್ದರು. ನನ್ನನ್ನು ನೋಡಿ ಇನ್ನೊಂದು ಕಟ್ಟು ಎಳೆದು ಹಾಕಿದರು. ಗಿರಿಜೆ ಕೆಳಗೆ ನಿಂತು, "ಅಜ್ಜ, ನಮ್ಮ ಮನೆಗೆ ಕೆಂಪು ಮಾಡು ಉಂಟು," ಎಂದು ಸುದ್ದಿ ಹೇಳುತ್ತಿದ್ದಳು. ಅವಳು ಹುಟ್ಟಿದ ಮೇಲೆ ಮನೆಯ ಮಾಡನ್ನು ಸರಿಯಾಗಿ ಕಂಡದ್ದು ಅಂದೇ. ಕೆಲವು ಕಡೆ ಪಾಚಿ ಹಿಡಿದು ಹಸುರು, ಕೆಲವು ಕಡೆ ನಿನ್ನೆ ಗಾಡಿಯಿಂದ ಇಳಿಸಿದ ಹಾಗೆ ಕೆಂಪು. ನನ್ನ ಕುತ್ತಿಗೆ ಪುನಃ ನೋಯುವಷ್ಟು ನೋಡಿದೆ.

ತಿಂಗಳೊಳಗೆ ದೂಮಣ್ಣ ಪುಸ್ತಕ ಹಿಡಿದು ಪ್ರತಿ ಅಂಗಳಕ್ಕೂ ಇನ್ನೊಮ್ಮೆ ಬಂದರು. ಓವರ್ಸೀಯರು ತಿರುಗಿ ಬಂದಾಗ ನಮ್ಮ ದಡದಲ್ಲಿ ಹಟ್ಟಿಗಳೆಲ್ಲ ಮನೆಯಾಗಿದ್ದವು. ಒಂದು ವರ್ಷ ಕಾಯಬೇಕಾಯಿತು, ಕಾದೆವು. ಈ ಬೇಸಗೆಯಲ್ಲಿ ಕೆಲಸ ಶುರುವಾಯಿತು. ಕಲ್ಲು ಕಟ್ಟುವವರು ಪುತ್ತೂರಿನಿಂದ ಬಂದರು, ಸಿಮೆಂಟು ಬಂತು. ನಾವು ನೀರು ಹೊತ್ತೆವು, ಮರಳು ಹೊತ್ತೆವು. 'ನಾನು ಸುಳ್ಳ ಅಂತ ಹೇಳುದಾ' ಎಂದು ಕೇಳಿದ ನಮ್ಮ ಮನೆಯವರು ಎರಡು ತಿಂಗಳು ಅಲ್ಲಿಂದ ಕದಲಲಿಲ್ಲ. ಮೇಸ್ತ್ರಿಗೆ ಅವರೇ ಮೇಸ್ತ್ರಿ. "ನಮ್ಮ ತೆರಿಗೆಯ ಸಿಮೆಂಟು, ನೋಡಿ ಹಾಕಿ," ಎಂದು ಅವರು ಹೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೇಳಿ, ಬೇರೆ ಕಡೆ ತಿರುಗಿ ನಕ್ಕಿದ್ದೇನೆ.

ಎರಡು ಬದಿಗೂ ಹಿಡಿಯಲು ಸೊಂಟದೆತ್ತರದ ಕಬ್ಬಿಣದ ಸರಳು. ಅದರ ಕೆಳಗೆ ಇನ್ನೊಂದು ಸರಳು ಕಡಿಮೆ ಎತ್ತರದಲ್ಲಿ. ಅದು ಮಕ್ಕಳಿಗೆ, ದೂಮಣ್ಣ ಹಟ ಹಿಡಿದು ಹಾಕಿಸಿದ್ದು. ಒಂದು ಊರಿನ ದುಡ್ಡು ಮಕ್ಕಳ ಕೈ ಎಷ್ಟು ಎತ್ತರಕ್ಕೆ ಎಟುಕುತ್ತದೆ ಎಂದು ಅಳೆದು ನೋಡಿ ಖರ್ಚಾದದ್ದನ್ನು ನಾನು ಮೊದಲ ಸಲ ಕಂಡೆ. ಅಂಥವರ ಪುಸ್ತಕಕ್ಕೆ ಸುಳ್ಳು ಬರೆಸಿದೆವಲ್ಲ ಎಂದು ನಾಚಿಕೆಯೂ ಆಯಿತು.

ಇವತ್ತು ಬೆಳಿಗ್ಗೆ ಗಿರಿಜೆ ತನಗಿಂತ ದೊಡ್ಡ ಗೊರಬೆ ಹೊತ್ತು ಹೊರಟಳು. ಗೊರಬೆ ಎಂದರೆ ಓಲೆಯಿಂದ ಹೆಣೆದದ್ದು, ಮಳೆಗೆ ಬೆನ್ನಿನ ಮೇಲೆ ಹಾಕಿಕೊಳ್ಳುವುದು. ಹಿಂದಿನಿಂದ ನೋಡಿದರೆ ಗೊರಬೆಗೇ ಎರಡು ಕಾಲು ಬಂದ ಹಾಗಿತ್ತು. ನಾನೂ ಬರುತ್ತೇನೆ ಎಂದೆ. "ಬೇಡ. ಅಜ್ಜಿಯನ್ನು ಕರ್ಕೊಂಡು ಬಂದಿದ್ದಾಳೆ ಅಂತ ನೆಗಾಡ್ತಾರೆ," ಎಂದಳು. ಮಗ, ಸೊಸೆ ಗದ್ದೆಗೆ ಹೋದರು. ನಮ್ಮವರು ಎಮ್ಮೆ ನೋಡಿ ಬರುತ್ತೇನೆಂದು ಸಂಕದ ಕಡೆಗೆ ಮೂರು ಸಲ ಹೋಗಿ ಬಂದರು. ಎಮ್ಮೆ ಇದ್ದದ್ದು ಹಟ್ಟಿಯಲ್ಲಿ.

ಮಧ್ಯಾಹ್ನ ಮಳೆ ಸುರಿಯಿತು ನೋಡಿ. ಅಂಥ ಮಳೆಗೆ ಹಿಂದೆ ನಾವು ದಡದ ಹತ್ತಿರವೂ ಹೋಗುತ್ತಿರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ನನಗೆ ತಡೆಯಲಾಗದೆ ಹೋದೆ. ನಮ್ಮವರು ಆಗಲೇ ಅಲ್ಲಿದ್ದರು, ಕಲ್ಲಿನ ಮೇಲೆ ಕೂತು, ಏನೋ ಬೇರೆ ಕೆಲಸಕ್ಕೆ ಬಂದವರ ಹಾಗೆ. ತೋಡು ಮರದ ಕೊಂಬೆ, ತೆಂಗಿನ ಮಡಲು ಎಲ್ಲ ಎಳೆದುಕೊಂಡು ಹೋಗುತ್ತಿತ್ತು. ಸಂಕದ ಕಲ್ಲಿನ ಕಂಬಕ್ಕೆ ನೀರು ಹೊಡೆದು ಎರಡು ಪಾಲಾಗಿ ಮುಂದೆ ಹೋಗುತ್ತಿತ್ತು.

ಆಚೆ ತಿರುವಿನಲ್ಲಿ ಗೊರಬೆ ಕಾಣಿಸಿತು. ಸಂಕಕ್ಕೆ ಬಂತು. ಕೆಳಗಿನ ಸರಳು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಬಂತು. ನಡುವಿಗೆ ಬಂದು ನಿಂತುಬಿಟ್ಟಿತು. ನಮ್ಮವರು ಕಲ್ಲಿನಿಂದ ಎದ್ದರು. ಗಿರಿಜೆ ಬಗ್ಗಿ ನೀರು ನೋಡಿದಳು, ಬೇಕಷ್ಟು ಹೊತ್ತು ನೋಡಿದಳು, ಮತ್ತೆ ಸುಮ್ಮನೆ ನಡೆದು ಈಚೆ ಬಂದಳು.

"ನಡುವಿನಲ್ಲಿ ನಿಲ್ಲುದು ಎಂತಕ್ಕೆ ನೀನು?" ಎಂದರು ಅಜ್ಜ. ಸ್ವಲ್ಪ ಜೋರಾಗಿಯೇ ಕೇಳಿದರು.

"ನೀರು ನೋಡಿದ್ದು ಅಜ್ಜ. ಎಷ್ಟು ಉಂಟು ಗೊತ್ತುಂಟಾ," ಎಂದು ಅವಳು ನಮ್ಮಿಬ್ಬರನ್ನೂ ದಾಟಿ ಮನೆಯ ಕಡೆ ಹೋದಳು. ನಾವು ಹಿಂದಿನಿಂದ ಹೋದೆವು.

ನಮ್ಮಲ್ಲಿ ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ ಹೆಂಗಸರು ಕೂರುವುದು ಮೊದಲಿನಿಂದ ನಡೆದುಬಂದದ್ದು. ಈ ಸಂಜೆ ಅದು ನಡೆಯಲಿಲ್ಲ. ಸೊಸೆ ಒತ್ತು ಶ್ಯಾವಿಗೆ ಮಾಡಿದ್ದಳು, ಮಗ ಕೋಳಿ ಹಿಡಿದು ತಂದಿದ್ದ, ಸಾರಿಗೆ ಕಾಯಿ ಅರೆದದ್ದು ನಾನು. ಎಲ್ಲರೂ ಕೂರದಿದ್ದರೆ ಶಾಲೆಯಲ್ಲಿ ಆದದ್ದನ್ನು ಹೇಳುವುದಿಲ್ಲ ಎಂದು ಗಿರಿಜೆ ಹಟ ಮಾಡಿದಳು. ಹಾಗಾಗಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು, ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಬೇಕಾದವರು ಬೇಕಾದದ್ದು ಬಡಿಸಿಕೊಂಡೆವು. ಅವಳು ಹೇಳಿದ್ದೋ, ಮೇಷ್ಟ್ರ ಕೊಡೆಯ ಬಣ್ಣ, ಪಕ್ಕದ ಹುಡುಗಿಯ ಹೆಸರು, ಅಷ್ಟೇ. ಅಷ್ಟಕ್ಕೆ ನಮಗೆ ಹೊಟ್ಟೆ ತುಂಬಿತು.

ಹೊರಗೆ ಮಳೆ ಪುನಃ ಹಿಡಿಯಿತು. ನಮ್ಮವರು ತುತ್ತು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಕೇಳಿದರು.

"ನಾಳೆಯೂ ಮಳೆ ಹೀಗೇ ಇದ್ರೆ?" ಎಂದರು.

ಗಿರಿಜೆ ಕೋಳಿಯ ಕಾಲಿನ ಎಲುಬನ್ನು ಬಾಯಿಂದ ತೆಗೆದು ಅಜ್ಜನನ್ನು ನೋಡಿದಳು. ಇದನ್ನು ಯಾಕೆ ಕೇಳುವುದು ಎಂದು ಅವಳಿಗೆ ಅರ್ಥವಾಗಲಿಲ್ಲ.

"ನಾಳೆಯೂ ಹೋಗುದು," ಎಂದು, ಶ್ಯಾವಿಗೆಗೆ ಇನ್ನಷ್ಟು ಸಾರು ಹಾಕಿಕೊಂಡಳು.